ಬಿಕಾಂ ಡೈರಿ, ಭಾಗ 11: ಸೈಡ್ ತಪ್ಪಿದ ಸಂಖ್ಯೆ

ಫೋಟೋದಲ್ಲಿರೋ ಕೆಂಪು ಗೀಚು ನೋಡಿ ನಗ್ಬೇಡಿ, ಪೂರ್ತಿ ಓದಿ.

ಇಂಟರ್ನ್‌ಶಿಪ್‌ಗೆ ಹೋಗ್ತಿರೋ ಆಡಿಟರ್ ಆಫೀಸಲ್ಲಿ ಒಂದು ಅಂಗಡಿಯ ಟ್ರಯಲ್ ಬ್ಯಾಲೆನ್ಸ್ ನನಗೆ ಕೊಟ್ಟಿದ್ರು. 8,460 ರೂಪಾಯಿ ವ್ಯತ್ಯಾಸ. ರಾತ್ರಿ ಹನ್ನೊಂದಾದ್ರೂ ತಪ್ಪು ಸಿಗ್ಲಿಲ್ಲ. ಏನ್ ಮಾಡ್ದೆ ಗೊತ್ತಾ? ಅಷ್ಟನ್ನೂ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಎರಡೂ ಕಡೆ ಸಮ ಮಾಡ್ದೆ. ಸರ್‌ಗೆ "ಟ್ಯಾಲಿ ಆಯ್ತು ಸರ್" ಅಂತ ಮೆಸೇಜ್ ಹಾಕ್ದೆ.

ಅಣ್ಣ ಪಕ್ಕದಲ್ಲೇ ಕೂತು ನೋಡ್ತಿದ್ದ. ಚಿಪ್‌ಗಳಿಗೆ ಪ್ರೋಗ್ರಾಂ ಬರೆಯೋ ಕೆಲಸ ಅವನದು. "ಇಂಥದ್ದೇ ಒಂದು ಕಥೆ ನಮ್ಮಲ್ಲೂ ಇದೆ ಕಣೇ" ಅಂದ.

ಲಿನಕ್ಸ್‌ನಲ್ಲಿ ಜಿಲಿಬ್‌ಸಿ ಅಂತ ಒಂದು ಲೈಬ್ರರಿ ಇದೆಯಂತೆ, ಎಷ್ಟೋ ಪ್ರೋಗ್ರಾಂಗಳು ನಿಂತಿರೋದೇ ಅದರ ಮೇಲೆ. ಅದರೊಳಗೆ ಮೆಮ್‌ಕಾಪಿ ಅನ್ನೋ ಫಂಕ್ಷನ್. ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಇಷ್ಟು ಬೈಟ್ ನಕಲು ಮಾಡು ಅಂದ್ರೆ ಮಾಡುತ್ತೆ, ಅಷ್ಟೇ. 32 ಬಿಟ್ ಆರ್ಮ್ ಚಿಪ್‌ಗಳಿಗೆ ಅದನ್ನ ವೇಗಕ್ಕೋಸ್ಕರ ಅಸೆಂಬ್ಲಿಯಲ್ಲೇ ಬರೆದಿದ್ರು. ಬೈಟ್ ಎಣಿಕೆ ಯಾವತ್ತೂ ಮೈನಸ್ ಆಗಲ್ಲ ಅಲ್ವಾ? ಆದ್ರೆ ಹೋಲಿಸಿ ನೋಡೋ ಕಡೆ ಬಳಸಿದ್ದು ಬಿಎಲ್‌ಟಿ ಥರದ ಸೂಚನೆಗಳನ್ನ. ಅವು ಪ್ಲಸ್-ಮೈನಸ್ ಲೆಕ್ಕ ಹಾಕ್ತವೆ. ಹಾಗಾಗಿ 4294967295 ಅನ್ನೋ ದೈತ್ಯ ಸಂಖ್ಯೆ ಅವುಗಳ ಕಣ್ಣಿಗೆ ಬರೀ ಮೈನಸ್ 1. ಬಿಟ್‌ಗಳು ಅವೇ, ಓದಿದ ಸೈಡ್ ಬೇರೆ. ಥೇಟ್ ನಮ್ಮ ಡೆಬಿಟ್-ಕ್ರೆಡಿಟ್!

ನನಗೆ ಹೊಟ್ಟೆ ಚುರುಕ್ ಅಂದಿದ್ದು ಆಮೇಲೆ. ಅಷ್ಟು ದೊಡ್ಡ ಸಂಖ್ಯೆ ಬಂದ್ರೆ ಪ್ರೋಗ್ರಾಂ ಅಲ್ಲೇ ಕ್ರ್ಯಾಶ್ ಆಗ್ಬೇಕಿತ್ತು. ಆಗ್ತಿರ್ಲಿಲ್ಲ. ಸ್ವಲ್ಪ ನಕಲು ಮಾಡಿ, ಕೆಟ್ಟ ಮೆಮೊರಿ ಇಟ್ಕೊಂಡೇ ಏನೂ ಆಗಿಲ್ಲ ಅನ್ನೋ ಹಾಗೆ ಮುಂದೆ ಹೋಗ್ತಿತ್ತು. ಹ್ಯಾಕರ್‌ಗೆ ಅಷ್ಟು ಸಾಕು. ಸಿಸ್ಕೊ ಕಂಪನಿಯವರಿಗೆ ಇದು ಸಿಕ್ಕಿದ್ದು ಒಂದು ಕಾರಿನೊಳಗಿನ ಸಾಫ್ಟ್‌ವೇರ್ ಪರೀಕ್ಷೆ ಮಾಡ್ವಾಗ. ಕಾರು ಕಣ್ರೀ! 2020ರಲ್ಲಿ ಸರಿ ಮಾಡಿದ್ರು. ಬಿಎಲ್‌ಟಿ ಇದ್ದ ಕಡೆ ಬಿಎಲ್‌ಒ, ಅದು ಮೈನಸ್ ನೋಡಲ್ಲ. ಕೊನೇ ಒಂದಕ್ಷರ ವ್ಯತ್ಯಾಸ.

ಮತ್ತೆ ಲ್ಯಾಪ್‌ಟಾಪ್ ತೆಗೆದೆ. ಸೈಡ್ ತಪ್ಪಿದ್ರೆ ವ್ಯತ್ಯಾಸ ಡಬಲ್ ಆಗುತ್ತೆ ಅಂತ ಫಸ್ಟ್ ಸೆಮ್‌ನಲ್ಲೇ ಹೇಳಿಕೊಟ್ಟಿದ್ರು, ನೆನಪಿದ್ಯಾ? 8,460ರ ಅರ್ಧ 4,230. ಹುಡುಕಿದೆ. ಬಂದ ಡಿಸ್ಕೌಂಟ್ ಅದು, ಡೆಬಿಟ್ ಸೈಡಲ್ಲಿ ಆರಾಮಾಗಿ ಕೂತಿತ್ತು. ಫೋಟೋದಲ್ಲಿರೋ ಕೆಂಪು ಗೀಚು ಅದೇ.

ಸರ್‌ಗೆ ಇನ್ನೊಂದು ಮೆಸೇಜ್ ಹಾಕಿದ್ದೀನಿ: "ಟ್ಯಾಲಿ ಆಗಿರ್ಲಿಲ್ಲ ಸರ್, ನಾನೇ ಆಗಿಸಿದ್ದೆ. ಈಗ ನಿಜವಾಗ್ಲೂ ಆಗಿದೆ."

ಬೆಳಿಗ್ಗೆ ಏಳು ಗಂಟೆ. ಬ್ಲೂ ಟಿಕ್ ಬಂದಿದೆ. ಉತ್ತರ ಇನ್ನೂ ಇಲ್ಲ.