ಅಗಸ್ಟಾದ ವಸಂತ: ತೋರಿಸಿದಷ್ಟು, ನೋಡಿದಷ್ಟು

ನಮ್ಮಲ್ಲಿ ಹೊಂಗೆ ಚಿಗುರಿ, ಬೇವು ಹೂಬಿಟ್ಟು, ಯುಗಾದಿಯ ಸಡಗರ ಮುಗಿಯುವ ಹೊತ್ತಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ಎಂಬ ಊರಿನಲ್ಲಿ ಅಜೇಲಿಯಾ ಹೂಗಳು ಅರಳುತ್ತವೆ. ಹೂ ಅರಳುವುದೂ ಒಂದು ಸುದ್ದಿಯೇ ಎನ್ನಬೇಡಿ. ಏಪ್ರಿಲ್ ಮೊದಲೆರಡು ವಾರ ಸಾಮಾಜಿಕ ಜಾಲತಾಣ ತೆರೆದು ನೋಡಿ. ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿಯದವರ ಫೋನಿಗೂ ಆ ಗುಲಾಬಿ ಹೂ, ಆ ಹಸಿರು, ತೊರೆಯ ಮೇಲಿನ ಪುಟ್ಟ ಕಲ್ಲುಸೇತುವೆಯ ಚಿತ್ರ ಬಂದು ಬೀಳುತ್ತದೆ. ಚಳಿ ಕಳೆದೊಡನೆ ಹಸಿರಿನ ಚಿತ್ರ ಹಾಕಿ ‘ಬನ್ನಿ, ಆಡಿ’ ಎಂದು ಕರೆಯುವುದು ಆ ದೇಶದ ಗಾಲ್ಫ್ ಕ್ಲಬ್ಬುಗಳ ವಾಡಿಕೆ. ಆದರೆ ಈ ವಿದ್ಯೆಯಲ್ಲಿ ಎಲ್ಲರಿಗೂ ಗುರುವಾದ ಅಗಸ್ಟಾ ನ್ಯಾಷನಲ್ ಕ್ಲಬ್ ಯಾರನ್ನೂ ಆಡಲು ಕರೆಯುವುದಿಲ್ಲ. ಅಷ್ಟೇ ಅಲ್ಲ, ಅಲ್ಲಿನ ಮಾಸ್ಟರ್ಸ್ ಪಂದ್ಯ ನೋಡಲು ಹೋದವರು ಮೊಬೈಲ್ ಫೋನನ್ನು ಒಳಗೆ ಒಯ್ಯುವಂತೆಯೂ ಇಲ್ಲ!

ಅಟ್ಲಾಂಟಾ ನಗರದಿಂದ ಪೂರ್ವಕ್ಕೆ ಸುಮಾರು 230 ಕಿಲೋಮೀಟರ್ ಹೋದರೆ ಸವಾನ್ನಾ ನದಿಯ ದಂಡೆಯಲ್ಲಿ ಅಗಸ್ಟಾ ಸಿಗುತ್ತದೆ. ಕ್ಲಬ್ಬಿನ ಮುಂದೆ ಹಾದುಹೋಗುವ ವಾಷಿಂಗ್ಟನ್ ರಸ್ತೆ ಹೋಟೆಲು, ಅಂಗಡಿ, ವಾಹನಗಳ ಗದ್ದಲದ ಸಾಧಾರಣ ಪೇಟೆಬೀದಿ. ಎತ್ತರದ ಬೇಲಿಯ ಆಚೆ ಬೇರೆಯದೇ ಲೋಕ. ಹೆಬ್ಬಾಗಿಲಿನಿಂದ ಕ್ಲಬ್ ಮನೆಯವರೆಗೆ ಎರಡೂ ಬದಿಯಲ್ಲಿ ಮ್ಯಾಗ್ನೋಲಿಯಾ ಮರಗಳ ಸಾಲು. (ನಮ್ಮ ಸಂಪಿಗೆಯೂ ಇದೇ ಕುಲದ್ದು.) ಅವು ನೂರೈವತ್ತು ವರ್ಷ ದಾಟಿದ ಮರಗಳು. ಏಕೆಂದರೆ ಈ ಜಾಗ ಮೊದಲು ಗಾಲ್ಫ್ ಮೈದಾನವಾಗಿರಲಿಲ್ಲ. 1850ರ ದಶಕದ ಕೊನೆಯಲ್ಲಿ ಬೆಲ್ಜಿಯಂ ಮೂಲದ ಬೆರ್ಕ್‌ಮನ್ಸ್ ಕುಟುಂಬ ಇಲ್ಲಿ ದೊಡ್ಡ ನರ್ಸರಿ ನಡೆಸುತ್ತಿತ್ತು. ಆ ನೆನಪಿಗೆ ಇಲ್ಲಿನ ಹದಿನೆಂಟು ಹೋಲ್‌ಗಳಿಗೂ ಒಂದೊಂದು ಗಿಡದ ಹೆಸರು. ಹದಿಮೂರನೆಯದು ಅಜೇಲಿಯಾ. ಅದೊಂದರ ಬದಿಯಲ್ಲೇ ಸುಮಾರು 1,600 ಅಜೇಲಿಯಾ ಗಿಡಗಳಿವೆ.

ಗಾಲ್ಫ್ ದಂತಕಥೆ ಬಾಬಿ ಜೋನ್ಸ್ ಮತ್ತು ಕ್ಲಿಫರ್ಡ್ ರಾಬರ್ಟ್ಸ್ ಈ ಜಾಗ ಕೊಂಡದ್ದು ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ಮೊದಲ ಪಂದ್ಯಾವಳಿ 1934ರಲ್ಲಿ ನಡೆಯಿತು. ಕ್ಲಬ್ಬಿನ ಕೈಯಲ್ಲಿ ಹಣವಿರಲಿಲ್ಲ, ಆದರೆ ಉಪಾಯವಿತ್ತು. ಆಗ ಬೇಸ್‌ಬಾಲ್ ತಂಡಗಳು ಚಳಿಗಾಲದ ಕೊನೆಗೆ ಫ್ಲಾರಿಡಾದಲ್ಲಿ ತಾಲೀಮು ಮುಗಿಸಿ ಉತ್ತರಕ್ಕೆ ಮರಳುತ್ತಿದ್ದವು. ಅವುಗಳ ಬೆನ್ನಿಗೆ ದೊಡ್ಡ ಪತ್ರಿಕೆಗಳ ಕ್ರೀಡಾ ವರದಿಗಾರರು ರೈಲಿನಲ್ಲಿ ಬರುತ್ತಿದ್ದರು. ದಾರಿಯಲ್ಲೇ ಇರುವ ಅಗಸ್ಟಾದಲ್ಲಿ ಅದೇ ಹೊತ್ತಿಗೆ ಪಂದ್ಯವಿಟ್ಟರೆ? ವರದಿಗಾರರು ಇಳಿದರು, ಹೂ ನೋಡಿದರು, ಬರೆದರು. ಆ ಕಾಲದ ಜಾಲತಾಣ ಅದೇ ಎಂದರೆ ತಪ್ಪಾಗಲಾರದು.

ಇಂದು ಪ್ರೇಕ್ಷಕರಿಗೆ ಅಭ್ಯಾಸದ ದಿನಗಳಲ್ಲಿ ಕ್ಯಾಮೆರಾ ತರಲು ಅವಕಾಶವುಂಟು. ಪಂದ್ಯದ ನಾಲ್ಕು ದಿನ ಅದೂ ಇಲ್ಲ. ಮನೆಗೆ ಮಾತಾಡಬೇಕೆಂದರೆ ಕ್ಲಬ್ಬಿನವರೇ ಇಟ್ಟಿರುವ ಉಚಿತ ದೂರವಾಣಿಗಳ ಮುಂದೆ ಸಾಲು ನಿಲ್ಲಬೇಕು. ಹಾಗಾದರೆ ಜಾಲತಾಣದಲ್ಲಿ ಹರಿದಾಡುವ ಆ ಚಿತ್ರಗಳೆಲ್ಲ ಎಲ್ಲಿಂದ ಬಂದವು? ಬಹುಪಾಲು ಕ್ಲಬ್ ತಾನೇ ಹಂಚಿದವು, ಇಲ್ಲವೇ ಅದು ಒಪ್ಪಿ ಒಳಗೆ ಬಿಟ್ಟ ಪತ್ರಿಕಾ ಛಾಯಾಗ್ರಾಹಕರವು. 2019ರಿಂದ ಪ್ರತಿಯೊಬ್ಬ ಆಟಗಾರನ ಪ್ರತಿಯೊಂದು ಹೊಡೆತವನ್ನೂ ಕ್ಲಬ್ ತನ್ನ ಆ್ಯಪ್‌ನಲ್ಲಿ ತೋರಿಸುತ್ತಿದೆ. ಎಲ್ಲವನ್ನೂ ತೋರಿಸುತ್ತದೆ, ಆದರೆ ತೋರಿಸುವ ಕಣ್ಣು ಅದರದೇ. ಇನ್ನು ಒಳಗೆ ಸಿಗುವ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ಚಿನ ಬೆಲೆ ಒಂದೂವರೆ ಡಾಲರ್! ಹೊರಗಿನ ಬೆಲೆ ಬಲ್ಲವರಿಗೆ ಇದೇ ಒಂದು ವಿಸ್ಮಯ. ವರ್ಷವರ್ಷವೂ ಜನ ತಾವಾಗಿಯೇ ಅದರ ಬಗ್ಗೆ ಬರೆದು ಹಂಚುತ್ತಾರೆ. ಕಾಸು ಕೊಟ್ಟು ಹಾಕಿಸಿದ ಯಾವ ಜಾಹೀರಾತು ಇಷ್ಟು ಕೆಲಸ ಮಾಡೀತು?

ಮಾತಿನ ಮೇಲೂ ಇಲ್ಲಿ ಹಿಡಿತವುಂಟು. ಪ್ರೇಕ್ಷಕರನ್ನು ‘ಪೇಟ್ರನ್ಸ್’ ಎನ್ನಬೇಕು. 1966ರಲ್ಲಿ ಟಿ.ವಿ. ವೀಕ್ಷಕ ವಿವರಣೆಗಾರ ಜಾಕ್ ವಿಟೇಕರ್ ಜನಸಂದಣಿಯನ್ನು ‘ಮಾಬ್’ ಎಂದುಬಿಟ್ಟರು. ಮುಂದೆ ಕೆಲವು ವರ್ಷ ಅವರಿಗೆ ಅಲ್ಲಿ ಮೈಕ್ ಸಿಗಲಿಲ್ಲ.

ಆ ಕಣ್ಣು ಕಾಣಿಸುವ ಹಸಿರಿನ ಹಿಂದಿನ ದುಡಿಮೆಯೂ ಕಡಿಮೆಯದಲ್ಲ. ಅಲ್ಲಿನ ಬರ್ಮುಡಾ ಹುಲ್ಲು ಚಳಿಗೆ ಕಂದುಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಆದ್ದರಿಂದ ಶರತ್ಕಾಲದಲ್ಲಿ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಏಪ್ರಿಲ್‌ನಲ್ಲಿ ನಾವು ಬೆರಗಾಗುವುದು ಆ ಬಿತ್ತಿದ ಹಸಿರಿಗೆ. ಗ್ರೀನ್‌ಗಳ ಅಡಿಯಲ್ಲಿ ಕೊಳವೆಗಳಿದ್ದು, ಮಳೆ ಬಂದರೆ ಯಂತ್ರ ನೀರನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಹೂ ಬೇಗ ಅರಳದಿರಲೆಂದು ಗಿಡದ ಬುಡಕ್ಕೆ ಮಂಜುಗಡ್ಡೆ ಇಡುತ್ತಾರೆಂಬ ಕತೆಯೂ ಚಾಲ್ತಿಯಲ್ಲಿದೆ. ಕತೆ ಹುಟ್ಟಿದ್ದೇ ಆ ಹಸಿರು ಅಷ್ಟು ನುಣ್ಣಗಿರುವುದಕ್ಕೆ ಸಾಕ್ಷಿ! 2020ರಲ್ಲಿ ಕೋವಿಡ್‌ನಿಂದಾಗಿ ಪಂದ್ಯ ನವೆಂಬರಿಗೆ ಹೋಯಿತು. ಪ್ರೇಕ್ಷಕರಿಲ್ಲ, ಅಜೇಲಿಯಾ ಇಲ್ಲ, ಹಣ್ಣೆಲೆಗಳ ಹೊಂಬಣ್ಣ ಮಾತ್ರ. ಡಸ್ಟಿನ್ ಜಾನ್ಸನ್ ದಾಖಲೆಯ ಅಂಕದೊಡನೆ ಗೆದ್ದರೂ ಹಲವರಿಗೆ ಅದು ಬೇರೆ ಯಾವುದೋ ಊರಿನಂತೆ ಕಂಡಿತು.

ಚೌಕಟ್ಟಿನ ಹೊರಗೆ ಉಳಿದದ್ದೇನು? ಮೊದಲನೆಯದು ಇಳಿಜಾರು. ಹತ್ತನೇ ಹೋಲ್ ಆರಂಭದಿಂದ ಗ್ರೀನ್‌ವರೆಗೆ ನೂರಡಿಗೂ ಹೆಚ್ಚು ಇಳಿಯುತ್ತದೆ. ಪರದೆಯ ಮೇಲೆ ಅದು ಚಪ್ಪಟೆ. ಹೋಗಿ ನೋಡಿದವರೆಲ್ಲ ಮೊದಲು ಹೇಳುವ ಮಾತೇ ಇದು. ಎರಡನೆಯದು ಮನುಷ್ಯರು. 1982ರವರೆಗೂ ಆಟಗಾರರು ಕ್ಲಬ್ಬಿನ ಕ್ಯಾಡಿಗಳನ್ನೇ ಬಳಸಬೇಕಿತ್ತು. ಅವರು ಹತ್ತಿರದ ಸ್ಯಾಂಡ್ ಹಿಲ್ಸ್‌ನಂಥ ಕೇರಿಗಳಿಂದ ಬರುತ್ತಿದ್ದ ಕಪ್ಪು ಜನ. ಆದರೆ ಕಪ್ಪು ಆಟಗಾರನೊಬ್ಬ, ಲೀ ಎಲ್ಡರ್, ಇಲ್ಲಿ ಮಾಸ್ಟರ್ಸ್ ಆಡಿದ್ದು 1975ರಲ್ಲಿ. ಮೊದಲ ಕಪ್ಪು ಸದಸ್ಯರನ್ನು ಸೇರಿಸಿಕೊಂಡದ್ದು 1990ರಲ್ಲಿ. ಮಹಿಳೆಯರಿಗೆ ಸದಸ್ಯತ್ವ ಕೊಡಿ ಎಂಬ ಒತ್ತಾಯ ಜೋರಾದಾಗ ಪ್ರಾಯೋಜಕರಿಗೆ ಮುಜುಗರವಾಗದಿರಲೆಂದು ಕ್ಲಬ್ 2003 ಮತ್ತು 2004ರ ಪ್ರಸಾರವನ್ನು ಜಾಹೀರಾತೇ ಇಲ್ಲದೆ ನಡೆಸಿತು! ಕೊನೆಗೆ 2012ರಲ್ಲಿ ಕಾಂಡೊಲೀಸಾ ರೈಸ್ ಮತ್ತು ಡಾರ್ಲಾ ಮೂರ್ ಸದಸ್ಯರಾದರು. 2019ರಿಂದ ಮಾಸ್ಟರ್ಸ್‌ಗೆ ಮುನ್ನ ಮಹಿಳಾ ಹವ್ಯಾಸಿ ಆಟಗಾರ್ತಿಯರ ಅಂತಿಮ ಸುತ್ತು ಇದೇ ಮೈದಾನದಲ್ಲಿ ನಡೆಯುತ್ತಿದೆ. 7ರಿಂದ 15 ವರ್ಷದ ಮಕ್ಕಳ ಸ್ಪರ್ಧೆಯೂ ಉಂಟು.

ಈ ಚಿತ್ರದ ಬಿಸಿ ತಟ್ಟುವುದು ಬೇರೆ ಮೈದಾನಗಳ ಹುಲ್ಲು ನೋಡಿಕೊಳ್ಳುವವರಿಗೆ. ಪ್ರತಿ ಏಪ್ರಿಲ್‌ನಲ್ಲಿ ಸದಸ್ಯರು ಬಂದು ‘ನಮ್ಮದೇಕೆ ಹಾಗಿಲ್ಲ?’ ಎಂದು ಕೇಳುತ್ತಾರೆ. ಹಾಗಾಗಬೇಕೆಂದರೆ ನೀರು, ಗೊಬ್ಬರ, ಹಣ ಎಲ್ಲವೂ ಬೇಕು. ಇದಕ್ಕೆ ಅವರು ‘ಅಗಸ್ಟಾ ಸಿಂಡ್ರೋಮ್’ ಎಂದೇ ಹೆಸರಿಟ್ಟಿದ್ದಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಗಾಲ್ಫಿನ ತವರು. ಅಲ್ಲಿನ ಹಳೆಯ ಮೈದಾನ ಒಣ ಬೇಸಿಗೆಯಲ್ಲಿ ಕಂದಾಗುತ್ತದೆ, ಯಾರೂ ನಾಚುವುದಿಲ್ಲ. ಸಾಮಾನ್ಯವಾಗಿ ಭಾನುವಾರ ಆಟಕ್ಕೆ ರಜೆ, ಊರಿನವರು ನಾಯಿ ಹಿಡಿದು ಅಲ್ಲಿ ಅಡ್ಡಾಡುತ್ತಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ಗಾಲ್ಫಿಗೆ ಕರೆದದ್ದು ಯಾವ ಚಿತ್ರವೂ ಅಲ್ಲ. ಐದು ವರ್ಷದವರಿದ್ದಾಗ ಮನೆಯವರೊಂದಿಗೆ ತಿಂಡಿಗೆ ಹೋದ ಹೋಟೆಲಿನಿಂದ ಪಕ್ಕದ ಮೈದಾನದಲ್ಲಿ ಆಡುವವರು ಕಂಡರು, ಅಷ್ಟೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೇ ಸ್ಥಾನ ಪಡೆದರು.

ಮೇ ಕೊನೆಗೆ ಅಗಸ್ಟಾ ನ್ಯಾಷನಲ್ ಬಾಗಿಲು ಹಾಕುತ್ತದೆ, ಮತ್ತೆ ತೆರೆಯುವುದು ಅಕ್ಟೋಬರಿನಲ್ಲಿ. ನಡುವೆ ರೈ ಹುಲ್ಲು ಬಿಸಿಲಿಗೆ ಸಾಯುತ್ತದೆ, ಮಣ್ಣು ಅಗೆಯುವ ಯಂತ್ರಗಳು ಇಳಿಯುತ್ತವೆ. ಆ ತಿಂಗಳುಗಳಲ್ಲಿ ಸಣ್ಣ ವಿಮಾನದಲ್ಲಿ ಮೇಲೆ ಹಾರಿ ಚಿತ್ರ ತೆಗೆದು ಜಾಲತಾಣದಲ್ಲಿ ಹಂಚುವವರಿದ್ದಾರೆ. ಕೆಂಪು ಮಣ್ಣು, ಬೋಳು ಫೇರ್‌ವೇ, ಗುಡ್ಡೆ ಹಾಕಿದ ಮರಳು. ಗಾಲ್ಫ್ ಬಲ್ಲವರು ಅವನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ.