ನಾಗಮಲೆಗೆ ಹೋಗಿ ಬಂದದ್ದು

ಹನೂರು ಆಗಷ್ಟೇ ತಾಲ್ಲೂಕು ಆಗಿತ್ತು. ಕಾರ್ತೀಕ ಮಾಸ, ದೀಪಾವಳಿ ಜಾತ್ರೆ ಮುಗಿದು ಮಾದಪ್ಪನ ಬೆಟ್ಟ ಖಾಲಿಯಾಗಿತ್ತು. ಜನ ಕಡಿಮೆ ಇರುವಾಗ ನಾಗಮಲೆಗೆ ಹೋಗಿಬರೋಣ ಅಂತ ಹೊರಡಿಸಿದವರು ಹನೂರಿನ ನಮ್ಮ ಭಾವ. ಜೊತೆಗೆ ಯಳಂದೂರಿನ ನನ್ನ ಗೆಳೆಯ. ಅವನು ಆ ವರ್ಷದ ಬೇಸಿಗೆಯಲ್ಲಿ ಹಿಮಾಲಯಕ್ಕೆ ಹೋಗಿ, ಹಿಮದ ಬೆಟ್ಟಗಳ ನಡುವೆ ಯಾವುದೋ ಸರೋವರ ನೋಡಿಕೊಂಡು ಬಂದಿದ್ದ. ಬಂದಾಗಿನಿಂದ ಅದೇ ಜಪ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗಲೇ ಶುರು ಮಾಡಿದ: “ಭಾವ, ನಾಗಮಲೆ ಮೇಲೆ ಕೆರೆ ಇದೆಯಾ?”

“ಕೆರೆ ನೋಡೋಕೆ ಅಷ್ಟು ದೂರ ಯಾಕಪ್ಪ? ಇಲ್ಲೇ ದೊಡ್ಡರಂಗನಾಥನ ಕೆರೆ ಏರಿ ಮೇಲೆ ಕೂತಿರು, ಸಂಜೆಗೆ ನಾವು ಬರ್ತೀವಿ” ಅಂದರು ಭಾವ.

ಹನೂರು, ರಾಮಾಪುರ, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿ ಅರ್ಧ ಬಸ್ಸು ಇಳಿಯಿತು. ಹರಕೆ ಹೊತ್ತವರು ಅಲ್ಲಿಂದ ಮೇಲಕ್ಕೆ ನಡೆದೇ ಹತ್ತುತ್ತಾರೆ. ಕಾಯಿ ಒಡೆದು, ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಒಬ್ಬರು “ಉಘೇ” ಅಂದರೆ ಹತ್ತು ಜನ “ಮಾದಪ್ಪಾ” ಅನ್ನುತ್ತಿದ್ದರು. ನಾವು ಬಸ್ಸಿನಲ್ಲೇ ಕೂತಿದ್ದೆವು. ಮುಂದೆ ನಡೆಯುವುದಿದೆಯಲ್ಲ ಅನ್ನುವುದು ನಮ್ಮ ಸಮಜಾಯಿಷಿ.

ಘಾಟಿಯ ತಿರುವುಗಳಲ್ಲಿ ಭಾವನಿಗೂ ಗೆಳೆಯನಿಗೂ ದೇವರ ಜಗಳ ಹತ್ತಿಕೊಂಡಿತು. ನಮ್ಮ ಕಡೆ ಇದು ಹಳೆಯ ಜಗಳ. ಬಿಳಿಗಿರಿರಂಗ ದೊಡ್ಡವನೋ ಮಾದಪ್ಪ ದೊಡ್ಡವನೋ? “ನಮ್ಮ ರಂಗಪ್ಪ ಕಾಡೆಲ್ಲಾ ನಡೆದೇ ಸುತ್ತೋನು. ಅದಕ್ಕೇ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ಚಪ್ಪಲಿ ಹೊಲಿದು ಕೊಡ್ತಾರೆ, ಸವೆದುಹೋಗ್ತದೆ ಅಂತ. ನಿಮ್ಮ ಮಾದಪ್ಪ ಹುಲಿ ಮೇಲೆ ಕೂತು ಓಡಾಡ್ತಾನೆ, ಅದೇನು ಮಹಾ?” ಅಂದ ಗೆಳೆಯ. ಮುಂದಿನ ಸೀಟಿನಲ್ಲಿ ಕೊರಳಿಗೆ ರುದ್ರಾಕ್ಷಿ ಹಾಕಿದ್ದ ದೇವರಗುಡ್ಡರೊಬ್ಬರು ತಿರುಗಿ ನೋಡಿ ನಕ್ಕರು. ಬಿಳಿಗಿರಿಯ ದೇವಸ್ಥಾನಕ್ಕೆ ಹೋದವರೆಲ್ಲ ಆ ಚಪ್ಪಲಿಗಳನ್ನು ನೋಡಿರುತ್ತಾರೆ, ಒಂದೊಂದೂ ಮೊಳದುದ್ದ. ಈ ಚಪ್ಪಲಿಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಟ್ಟದಿಂದ ಇಂಡಿಗನತ್ತಕ್ಕೆ ಜೀಪು ಮಾಡಿಕೊಂಡೆವು. ಅದನ್ನು ರಸ್ತೆ ಅಂತ ಕರೆಯಬೇಕಾದರೆ ಧೈರ್ಯ ಬೇಕು. ಬಂಡೆಯಿಂದ ಬಂಡೆಗೆ ಜೀಪು ಕುಪ್ಪಳಿಸುತ್ತಿತ್ತು, ನಾವು ಕಂಬಿ ಹಿಡಿದು ನೇತಾಡುತ್ತಿದ್ದೆವು. ಡ್ರೈವರ್ ಹುಡುಗ ಅಲ್ಲಿಯವನೇ, ಬೇಡಗಂಪಣರವನು. ಬೆಟ್ಟದ ದೇವಸ್ಥಾನದಲ್ಲಿ ಪೂಜೆ ಮಾಡುವ ತಂಬಡಿಗಳೂ ಅವರ ಪೈಕಿಯೇ. ಹಿಂದಿನ ವಾರ ನಡೆದ ಹಾಲರವಿ ಸೇವೆಯಲ್ಲಿ ಅವನ ತಂಗಿಯೂ ಇದ್ದಳಂತೆ. ದೀಪಾವಳಿಗೆ ಅವರ ಮನೆಗಳ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಳ್ಳದಲ್ಲಿ ಮಿಂದು, ಅಲ್ಲಿಂದ ನೀರು ಹೊತ್ತು ತಂದು ಮಾದಪ್ಪನ ಮಜ್ಜನಕ್ಕೆ ಕೊಡುತ್ತಾರೆ. ಏಳು ಕಿಲೋಮೀಟರ್ ಕಾಡುದಾರಿ. “ಕಾಲು ನೋಯಲ್ವೇನಪ್ಪಾ ಅಷ್ಟು ಸಣ್ಣ ಮಕ್ಕಳಿಗೆ?” ಅಂದೆ. “ಸ್ಕೂಲಿಗ, ಅಂಗಡಿಗ ನಡಿತರಲ್ಲಣ್ಣ, ಅವರಿಗೇನು” ಅಂದ.

ಇಂಡಿಗನತ್ತದಿಂದ ಮುಂದೆ ಕಾಲೇ ಗತಿ. ರಾಗಿ ಹೊಲಗಳ ಅಂಚಿನಲ್ಲಿ ದಾರಿ ಕಾಡಿಗೆ ನುಗ್ಗುತ್ತದೆ. ಆ ಸಲ ಹಿಂಗಾರು ಚೆನ್ನಾಗಿ ಹಿಡಿದಿತ್ತು. ಹುಲ್ಲು ಸೊಂಟದವರೆಗೆ ಬೆಳೆದಿತ್ತು, ನೆಲ್ಲಿ ಮರಗಳಲ್ಲಿ ಕಾಯಿ ಕಟ್ಟಿತ್ತು. ಒಂದು ಹಾಸುಬಂಡೆಯ ಮೇಲೆ ಹೋಗುವಾಗ ಗೆಳೆಯ ಗಕ್ಕನೆ ನಿಂತ. ಬಂಡೆಯ ನಡುವೆ ಒಂದು ದೊಣೆ, ಮಳೆನೀರು ತುಂಬಿ ನಿಂತಿದೆ. ಬಹಳವೆಂದರೆ ಎರಡು ಕೊಡ ನೀರು. ಅಂಚಿನ ಪಾಚಿಯ ಮೇಲೆ ಜೇನುಹುಳುಗಳು ಸಾಲಾಗಿ ಕೂತು ನೀರು ಹೀರುತ್ತಿದ್ದವು. ತಳದಲ್ಲಿ ಗೊದಮೊಟ್ಟೆಗಳು ಬಾಲ ಅಲ್ಲಾಡಿಸುತ್ತಿದ್ದವು. ಎದುರಿನ ಮಲೆ ಪೂರಾ ತಲೆಕೆಳಗಾಗಿ ಅದರೊಳಗೆ ಬಿದ್ದಿತ್ತು.

“ಸಿಕ್ತಲ್ಲಪ್ಪ ನಿನ್ನ ಸರೋವರ” ಅಂದರು ಭಾವ. ಅವನು ಮಂಡಿಯೂರಿ ಹತ್ತಾರು ಫೋಟೊ ತೆಗೆದ. ಬೊಗಸೆ ಹಾಕಿ ಕುಡಿಯಲು ಹೊರಟಾಗ ಮೇಕೆ ಕಾಯುತ್ತಿದ್ದ ಹುಡುಗ ಮೇಲಿನಿಂದ ಕೂಗಿದ: “ಅಣ್ಣೋ, ಅದ ಕುಡಿಬ್ಯಾಡಿ. ಅದು ಮೇಕೆಗ!”

ಆಮೇಲೆ ಏರು ಶುರುವಾಯಿತು. ನೆರಳಿಲ್ಲ. ಒಂದು ಮಲೆ ಹತ್ತಿ, ಇದೇ ಕೊನೆ ಅಂದುಕೊಂಡರೆ ಹಿಂದೆ ಇನ್ನೊಂದು. ಎಪ್ಪತ್ತೇಳು ಮಲೆಯ ಒಡೆಯ ಅಂತ ಮಾದಪ್ಪನನ್ನು ಸುಮ್ಮನೆ ಹಾಡುವುದಿಲ್ಲ. ದಾರಿಯ ಒಂದು ಗುಡಿಸಲಿನ ಮುಂದೆ ಹೆಂಗಸೊಬ್ಬರು ಮಜ್ಜಿಗೆ ಮಾರುತ್ತಿದ್ದರು. ಹಸಿಮೆಣಸಿನಕಾಯಿ ಜಜ್ಜಿ ಹಾಕಿದ ನೀರುಮಜ್ಜಿಗೆ. ನಾನು ಎರಡನೆಯ ಲೋಟ ಕೇಳಿದಾಗ ಅವರು ಕೊಟ್ಟರು, ಲೋಟ ತೊಳೆಯಲು ಮಾತ್ರ ಅಂಗೈಯಷ್ಟು ನೀರು ಹಾಕಿ, ಅದೇ ನೀರಿನಲ್ಲಿ ಮೂರೂ ಲೋಟ ಅಲ್ಲಾಡಿಸಿ, ಕೊನೆಗೆ ಬಾಗಿಲ ಬಳಿಯ ಕರಿಬೇವಿನ ಗಿಡಕ್ಕೆ ಸುರಿದರು. ಕುಡಿಯುವ ನೀರು ಎಲ್ಲಿಂದ ಅಂದರೆ, ಕೆಳಗಿನ ಹಳ್ಳದತ್ತ ಕೈ ತೋರಿಸಿದರು. ನನಗೆ ಅಲ್ಲಿ ಮರಗಳ ತಲೆ ಬಿಟ್ಟರೆ ಏನೂ ಕಾಣಲಿಲ್ಲ.

ನಾಗಮಲೆಯ ಸ್ವಾಮಿಗೆ ಗೋಪುರ ಇಲ್ಲ. ಹೆಡೆ ಬಿಚ್ಚಿದಂತೆ ಎದ್ದು ನಿಂತ ಬಂಡೆ, ಅದರ ಅಡಿಯಲ್ಲಿ ಲಿಂಗ. ವಿಭೂತಿ ಹಚ್ಚಿಸಿಕೊಂಡು, ಕಟ್ಟಿ ತಂದಿದ್ದ ಚಿತ್ರಾನ್ನ ಬಿಚ್ಚಿದೆವು. ಭಾವ ಎಲೆಯ ಮೇಲಿಂದ ತಲೆ ಎತ್ತದೇ, ಆ ದಿಕ್ಕಿನ ಬೆಟ್ಟಗಳೆಲ್ಲ ತಮಿಳುನಾಡು ಅಂದರು. 1956ರವರೆಗೆ ನಮ್ಮ ಕೊಳ್ಳೇಗಾಲವೂ ಮದ್ರಾಸಿನದೇ, ಕೊಯಮತ್ತೂರು ಜಿಲ್ಲೆ. ಅವರ ಅಜ್ಜ ಜಮೀನಿನ ಕಾಗದವೆಲ್ಲ ಆ ಕಾಲದ್ದು ಅಂತ ಹೇಳುತ್ತಿದ್ದರಂತೆ.

ಇಳಿಯುವಾಗ ಗೆಳೆಯನ ಎಡಗಾಲಿನ ಶೂ ಬಾಯಿ ಬಿಟ್ಟಿತು. ಹಿಮಾಲಯಕ್ಕೆಂದೇ ಸಾವಿರಾರು ರೂಪಾಯಿ ಕೊಟ್ಟು ತಂದ ಶೂ! ಅಟ್ಟೆ ಪೂರಾ ಕಿತ್ತು ಬಂತು. ಭಾವ ಬಿಡುತ್ತಾರೆಯೇ? “ನಿಮ್ಮ ರಂಗಪ್ಪನ ಹತ್ರ ಹಳೇ ಜೊತೆ ಇದ್ರೆ ಕೇಳು, ಬೂದಿತಿಟ್ಟಿನವರು ಹೊಲಿದದ್ದು ಇಂಗೆ ಕೀಳಲ್ಲ.” ಮಜ್ಜಿಗೆಯಮ್ಮ ಒಂದು ಗೇಣು ಸಣಬಿನ ಹಗ್ಗ ಕೊಟ್ಟರು. ಅದರಿಂದ ಶೂ ಬಿಗಿದು ಕಟ್ಟಿಕೊಂಡು ಕುಂಟುತ್ತಾ ಹೊರಟ.

ಹಿಂದಿನಿಂದ “ದಾರಿ, ದಾರಿ” ಅನ್ನುವ ಕೂಗು ಕೇಳಿದ್ದು ಆಗಲೇ. ನಾಲ್ವರು ಬಿದಿರಿನ ಗಳು ಹೊತ್ತು ಇಳಿದು ಬರುತ್ತಿದ್ದರು. ಗಳುವಿಗೆ ಕಂಬಳಿ ಕಟ್ಟಿ, ಅದರಲ್ಲಿ ಒಬ್ಬ ಅಜ್ಜಿಯನ್ನು ಮಲಗಿಸಿದ್ದರು. ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟಾಗಿತ್ತಂತೆ. ಡೋಲಿಯ ಸುದ್ದಿಯನ್ನು ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೆ. 2013ರಲ್ಲಿ ಇಲ್ಲಿನ 900 ಚದರ ಕಿಲೋಮೀಟರಿಗೂ ಮಿಕ್ಕ ಕಾಡು ವನ್ಯಧಾಮವಾಯಿತು. ಒಳಗಿನ ಹಳ್ಳಿಗಳಿಗೆ ರಸ್ತೆ ಅಂದರೆ ಅರಣ್ಯ ಕಾನೂನು ಅಡ್ಡ ನಿಲ್ಲುತ್ತದೆ, ಕಾಡೂ ಉಳಿಯಬೇಕು, ಎಲ್ಲ ತಿಳಿದದ್ದೇ. ಪೇಪರಿನಲ್ಲಿ ಡೋಲಿಗೆ ತೂಕ ಇರುವುದಿಲ್ಲ.

ಹೊತ್ತವರಲ್ಲಿ ಒಬ್ಬ ಇನ್ನೂ ಹುಡುಗ, ಕಾಲು ನಡುಗುತ್ತಿತ್ತು. ಭಾವ ಏನೂ ಕೇಳದೆ ಟವೆಲ್ ಮಡಚಿ ಹೆಗಲ ಮೇಲೆ ಹಾಕಿಕೊಂಡು ಅವನ ಜಾಗಕ್ಕೆ ಹೋದರು. ಸ್ವಲ್ಪ ದೂರಕ್ಕೆ ನಾನೂ ಹೆಗಲು ಕೊಟ್ಟೆ. ಮಿಲಿಟರಿಯವರ ಹಾಗೆ ಮುಂದಿನವರ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕತೊಡಗಿದೆ. “ಹಂಗಲ್ಲಣ್ಣ,” ಅಂದ ಹಿಂದಿನವನು, “ಎಲ್ಲಾರೂ ಒಂದೇ ಹೆಜ್ಜೆ ಹಾಕುದ್ರ ತೂಗಾಡ್ತದ. ನೀವು ಎಡಗಾಲು ಅಂದಾಗ ನಾನು ಬಲಗಾಲು.” ಹೆಜ್ಜೆ ತಪ್ಪಿಸಿ ನಡೆಯುವುದನ್ನು ಕಲಿಯುವಷ್ಟರಲ್ಲಿ ಗಳು ಹೆಗಲ ಮೂಳೆಯ ಮೇಲೆ ಕೂತಿತ್ತು. ಒಂದು ಕುಲುಕಿಗೆ ಕಂಬಳಿಯೊಳಗಿನಿಂದ ಅಜ್ಜಿ ಗದರಿದರು: “ಮೆಲ್ಲಗ ಕನ್ರಪ್ಪ. ನಾನೇನು ತೇರಲಿ ಕೂತಿರೊ ಮಾದಪ್ಪನ?” ಹೊತ್ತವರೆಲ್ಲ ನಕ್ಕರು. ನಗುವಾಗ ಗಳು ಇನ್ನಷ್ಟು ಕುಲುಕಿತು, ಅಜ್ಜಿ ಇನ್ನಷ್ಟು ಬೈದರು.

ಇಂಡಿಗನತ್ತದಲ್ಲಿ ನಿಂತಿದ್ದದ್ದು ನಮ್ಮ ಜೀಪು ಒಂದೇ. ಅಜ್ಜಿ, ಮಗ, ಸೊಸೆ ಹತ್ತಿದ ಮೇಲೆ ಜಾಗ ಉಳಿಯಲಿಲ್ಲ. ಡ್ರೈವರ್ ಹುಡುಗ ವಾಪಸ್ ಬರುತ್ತೇನೆಂದ. ಅವನನ್ನು ಕಾಯದೆ ನಾವು ನಡೆದೆವು, ಆನೆ ಇರುವ ದಾರಿ ಅಂತ ಜೋರಾಗಿ ಮಾತಾಡಿಕೊಂಡು. ಅರ್ಧ ದಾರಿಯಲ್ಲಿ ಕತ್ತಲೊಳಗಿಂದ ಜೀಪಿನ ಲೈಟು ಬಂತು. ಅಜ್ಜಿಯನ್ನು ಬೆಟ್ಟದಲ್ಲಿ ನೋಡಿ ಕೊಳ್ಳೇಗಾಲಕ್ಕೆ ಕಳಿಸಿದರಂತೆ. ಬಾಡಿಗೆ ಕೊಡಲು ಹೋದರೆ ಒಂದು ಸಲದ್ದಷ್ಟೇ ತೆಗೆದುಕೊಂಡ.

ಈಗ ನಾಗಮಲೆಗೆ ಮನಸ್ಸು ಬಂದಾಗ ಹೊರಡುವ ಹಾಗಿಲ್ಲ, ಚಾರಣಕ್ಕೆ ಮೊದಲೇ ಆನ್‌ಲೈನ್ ಬುಕ್ ಮಾಡಿಸಬೇಕು. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ, ಸೌಕರ್ಯ ಇಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಇಂಡಿಗನತ್ತದಲ್ಲಿ ಗಲಾಟೆಯಾಗಿ ಮತಯಂತ್ರ ಒಡೆದರು, 29ಕ್ಕೆ ಮರುಮತದಾನ ಆಯಿತು. ಆ ಸುದ್ದಿ ಟಿವಿಯಲ್ಲಿ ಬರುತ್ತಿದ್ದಂತೆ ಯಳಂದೂರಿನಿಂದ ಗೆಳೆಯನ ಫೋನು. ಸರೋವರದ ಮಾತು ಎತ್ತಲಿಲ್ಲ. ಆ ಡ್ರೈವರ್ ಹುಡುಗನ ನಂಬರ್ ನಿಮ್ಮ ಭಾವನ ಹತ್ತಿರ ಇದೆಯಾ ಅಂತ ಕೇಳಿದ.