ಪಟ್ಟದಕಲ್ಲಿಗೇ ಬಸ್ಸು ತಿರುಗದಿರಲಿ
ಮುಧೋಳ ಕಡೆಯ ತಿಮ್ಮಾಪುರದವರಿಗೆ ಐಹೊಳೆ ಪರಸ್ಥಳವಲ್ಲ. ಅದೂ ಬಾಗಲಕೋಟೆ ಜಿಲ್ಲೆಯದೇ. ಬಾದಾಮಿ ದಾರಿ ಹಿಡಿದರೆ ನಡುವೆ ಪಟ್ಟದಕಲ್ಲು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಊರಿನಲ್ಲಿ ಪ್ರವಾಸಿಗರ ಗದ್ದಲ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲ ನೋಡುವಷ್ಟರಲ್ಲಿ ಹೊತ್ತು ಇಳಿದು, ಬಸ್ಸು ಊರಿನತ್ತ ತಿರುಗಿಸುವ ಮನಸ್ಸಾಗುತ್ತದೆ.

ಮುಂದೆ ಸ್ವಲ್ಪ ದೂರದಲ್ಲೇ ಐಹೊಳೆ. ಇಲ್ಲಿ ಸದ್ದು ಕಡಿಮೆ. ಮೇಗುಟಿ ಬೆಟ್ಟದ ಜಿನಾಲಯದ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದನೆಂದು ಮಕ್ಕಳು ಬಾಯಿಪಾಠ ಮಾಡುತ್ತಾರಲ್ಲ, ಆ ಸಂಗತಿಯನ್ನು ಕವಿ ರವಿಕೀರ್ತಿ ಹೇಳಿರುವುದು ಇಲ್ಲೇ. ಕಾಳಿದಾಸ, ಭಾರವಿಯರ ಹೆಸರೂ ಇದರಲ್ಲಿದೆ. ಅವರಿಬ್ಬರೂ 634ರ ಹೊತ್ತಿಗೇ ಪ್ರಸಿದ್ಧರೆಂಬುದಕ್ಕೆ ಇದು ಸಾಕ್ಷಿ.

ಪಾಲಕರೇ, ಐಹೊಳೆಗೆ ಅರ್ಧ ದಿನ ಮೀಸಲಿಡಿ. ಪರೀಕ್ಷೆಗೆ ಓದಿದ ಸಾಲು ಯಾವ ಕಲ್ಲಿನಿಂದ ಬಂತೆಂದು ಮಕ್ಕಳು ಕಣ್ಣಾರೆ ಕಾಣಲಿ.